ವಾಸನೆಯಿಲ್ಲದ ಕೀವು

ಟೇಪಿನ ಮೇಲೆ ಎಳೆದ ಗೆರೆ ಹಾಗೇ ಇದೆಯಲ್ಲ, ಹಾಗಾದರೆ ಇವಳು ಕಟ್ಟು ಬಿಚ್ಚಿದ್ದು ಯಾವಾಗ? ಬಿಚ್ಚಿಲ್ಲವೆಂದರೆ ಹುಣ್ಣು ಇಷ್ಟು ಅಗಲವಾದದ್ದು ಹೇಗೆ? ಒಂದೋ ಇವಳು ನನಗಿಂತ ಚಾಲಾಕಿ, ಗೆರೆಗೆ ಗೆರೆ ಕೂಡಿಸಿ ಮತ್ತೆ ಅಂಟಿಸಿದ್ದಾಳೆ. ಇಲ್ಲವೇ... ಆ ‘ಇಲ್ಲವೇ’ಯಿಂದಾಚೆಗೆ ಹೋಗಲು ಅವನಿಗೆ ಮನಸ್ಸಾಗಲಿಲ್ಲ.

ಬೆಳಗಿನ ಹೊತ್ತು. ಅಕ್ಕ ಮಂಚದ ಅಂಚಿಗೆ ಕೂತು ಎಡಗಾಲನ್ನು ಕುರ್ಚಿಯ ಮೇಲೆ ಚಾಚಿದ್ದಳು. ಅವನು ಕೆಳಗೆ ಮೋಟು ಸ್ಟೂಲಿನ ಮೇಲಿದ್ದ. ಹಿಂದಿನ ಸಂಜೆ ಕಟ್ಟು ಕಟ್ಟಿದ ಮೇಲೆ, ಅವಳು ಆಚೆ ಮುಖ ಮಾಡಿದ್ದಾಗ, ಟೇಪಿನಿಂದ ಚರ್ಮದ ಮೇಲಕ್ಕೆ ಹಾಯುವ ಹಾಗೆ ಬಾಲ್‌ಪೆನ್ನಿನಲ್ಲಿ ಸಣ್ಣ ಗೆರೆಯೊಂದನ್ನು ಎಳೆದಿದ್ದ. ಟೇಪು ಕೂದಲೆಳೆಯಷ್ಟು ಸರಿದಿದ್ದರೂ ಗೆರೆ ಎರಡಾಗಬೇಕಿತ್ತು. ಆಗಿರಲಿಲ್ಲ. ಆದರೆ ಬಿಚ್ಚಿ ನೋಡಿದರೆ ಹುಣ್ಣು ನಿನ್ನೆಗಿಂತ ಮುಂದಕ್ಕೆ ಹೋಗಿತ್ತು. ಅದರ ಅಂಚು ಕೊಳೆತ ಬದನೆಯ ಸಿಪ್ಪೆಯ ಬಣ್ಣಕ್ಕೆ ತಿರುಗಿ, ಕೆಳಗೆಲ್ಲ ಪೊಳ್ಳಾಗಿ, ಚಿಮಟದ ತುದಿ ತಾಗಿಸಿದರೆ ಸಾಕು, ಒಳಕ್ಕೆ ಜಾರುತ್ತಿತ್ತು. ನಡುವೆ ದಪ್ಪ ಹಳದಿ ಕೀವು. ಬಟ್ಟೆ ಎತ್ತಿದಾಗ ಅದು ನೂಲು ನೂಲಾಗಿ ಎದ್ದು ಬರುತ್ತಿತ್ತು.

ಅವನು ಆಸ್ಪತ್ರೆಯಲ್ಲಿ ಡ್ರೆಸ್ಸರ್. ಗಾಯ ತೊಳೆದು ಕಟ್ಟುವುದೇ ಕಸುಬು. ಕೂದಲು ನರೆಯುವಷ್ಟು ಕಾಲ ಅದನ್ನೇ ಮಾಡಿದವನು. ಹೊಸದಾಗಿ ಬಂದ ಡಾಕ್ಟರ್ ಹುಡುಗರು ಅವನನ್ನು ‘ಗುರುಗಳೇ’ ಎಂದು ಕರೆಯುತ್ತಿದ್ದರು. ಅದರಲ್ಲಿ ಅರ್ಧ ಗೌರವ, ಅರ್ಧ ಕೀಟಲೆ. ಅವನು ಪೂರ್ತಿಯನ್ನೂ ಗೌರವದ ಖಾತೆಗೇ ಹಾಕಿಕೊಳ್ಳುತ್ತಿದ್ದ. ಅವನು ಅವರಿಗೆ ಕಲಿಸುತ್ತಿದ್ದದ್ದು ಒಂದೇ ಪಾಠ. ಕೀವು ಎಂದರೆ ಕೊಳೆ, ಕೊಳೆ ಎಂದರೆ ಕ್ರಿಮಿ, ಕೆಂಪು ಮಾಂಸ ಕಂಡು ರಕ್ತ ಜಿನುಗುವವರೆಗೆ ಕೈ ಬಿಡಬಾರದು. ರೋಗಿ ಕೂಗಿದರೆ ಕೂಗಲಿ. ಆ ಪಾಠ ಎಷ್ಟೋ ಜನರ ಕಾಲು ಉಳಿಸಿತ್ತು, ಸುಳ್ಳಲ್ಲ. ಅವನ ಮೂಗಂತೂ ಆಸ್ಪತ್ರೆಯಲ್ಲೆಲ್ಲ ಹೆಸರುವಾಸಿ. ಕಟ್ಟು ಬಿಚ್ಚುವ ಮೊದಲೇ ಒಳಗೆ ಯಾವ ಜಾತಿಯ ಕೊಳೆ ಇದೆ ಎಂದು ಹೇಳಿಬಿಡುತ್ತಿದ್ದ. ಒಂದಕ್ಕೆ ಹಳಸಿದ ಹಣ್ಣಿನ ವಾಸನೆ, ಇನ್ನೊಂದಕ್ಕೆ ಮುಚ್ಚಿಟ್ಟ ಚರಂಡಿಯ ವಾಸನೆ.

ಅಕ್ಕನ ಹುಣ್ಣಿಗೆ ವಾಸನೆಯೇ ಇರಲಿಲ್ಲ. ಇಷ್ಟೊಂದು ಕೀವು ಸುರಿಸುವ ಹುಣ್ಣು, ಮೂಗು ಹತ್ತಿರ ಒಯ್ದರೆ ಹಸಿ ಕಬ್ಬಿಣದಂಥ ಸಣ್ಣ ಘಮಲು, ಅಷ್ಟೇ. ಅದು ಒಳ್ಳೆಯ ಸುದ್ದಿ ಎಂದು ಅವನಿಗೆ ಒಂದು ದಿನವೂ ಅನ್ನಿಸಲಿಲ್ಲ. ಏನೋ ಬಚ್ಚಿಟ್ಟುಕೊಂಡು ತನ್ನನ್ನು ಅಣಕಿಸುತ್ತಿದೆ ಎನ್ನಿಸುತ್ತಿತ್ತು. ಕಂಡವರ ಕೊಳೆತ ಕಾಲಿನ ಪಕ್ಕದಲ್ಲೇ ಟೀ ಕುಡಿಯುತ್ತಿದ್ದವನಿಗೆ, ಮನೆಯೊಳಗಿನ ಈ ಒಂದು ಹುಣ್ಣನ್ನು ಕಂಡರೆ ಹೊಟ್ಟೆಯಿಂದ ಏನೋ ಮೇಲೆ ಬರುತ್ತಿತ್ತು. ಹೇಸಿಗೆ ಎಂಬುದು ತನ್ನ ಕಸುಬಿನವರಿಗೆ ಬರುವಂಥದ್ದಲ್ಲ ಎಂದು ನಂಬಿದ್ದವನಿಗೆ ಅದು ಇನ್ನೂ ನಾಚಿಕೆಯ ವಿಷಯ.

ಅಕ್ಕ ಅವನಿಗಿಂತ ತುಂಬಾ ದೊಡ್ಡವಳು. ಅಂಗಿ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದಳು. ಕೀಲುವಾತ ಹಿಡಿದು ಬೆರಳುಗಳು ಒಂದೊಂದಾಗಿ ಕಿರುಬೆರಳಿನ ಕಡೆಗೆ ವಾಲಿಕೊಂಡ ಮೇಲೆ ಕೆಲಸ ಬಿಟ್ಟು ತಮ್ಮನ ಮನೆಗೆ ಬಂದಿದ್ದಳು. ಹಿಂಬದಿಯ ಕೋಣೆ ಅವಳದು. ಅದರ ಕಿಟಕಿ ತೆರೆದರೆ ಎದುರು ಮನೆಯ ಪೈಪುಗಳು ಮಾತ್ರ ಕಾಣುತ್ತಿದ್ದವು. ಮಾತು ಕಡಿಮೆ. ನೋವಾದರೂ ‘ಹ್ಞಾ’ ಎನ್ನುವವಳಲ್ಲ. ಇವನು ಚಿಕ್ಕವನಿದ್ದಾಗ ಕಿವಿ ಸೋರುತ್ತಿದ್ದ ಕಾಲವೊಂದಿತ್ತು. ಮನೆಯಲ್ಲಿ ಎಲ್ಲರೂ ಮೂಗು ಮುಚ್ಚಿಕೊಂಡು ದೂರ ಕೂರುತ್ತಿದ್ದರು; ಅಕ್ಕ ಹಳೆ ಬಟ್ಟೆಯನ್ನು ಬತ್ತಿಯಂತೆ ಹೊಸೆದು ಒರೆಸಿ, ತನ್ನ ತೊಡೆಯ ಮೇಲೆ ಅವನ ತಲೆ ಇಟ್ಟುಕೊಂಡು ಪಾಠ ಓದಿಸುತ್ತಿದ್ದಳು. ಮುಖ ಕಿವುಚಿದ್ದನ್ನು ಅವನು ಒಮ್ಮೆಯೂ ಕಂಡಿರಲಿಲ್ಲ.

ಹುಣ್ಣು ಶುರುವಾದದ್ದು ಕ್ಷುಲ್ಲಕವಾಗಿ. ಮಂಚದ ಮೂಲೆ ತಾಗಿ ಮೊಣಕಾಲ ಕೆಳಗೆ ತರಚಿತ್ತು. ಅಲ್ಲೊಂದು ಬೊಕ್ಕೆ ಎದ್ದಿತು. ಇವನೇ ಅದನ್ನು ಹಿಂಡಿದ. ಅದು ಅಗಲವಾಯಿತು. ತಿಕ್ಕಿದ. ಇನ್ನೂ ಅಗಲವಾಯಿತು. ಕೀವನ್ನು ಲ್ಯಾಬಿಗೆ ಕಳಿಸಿದರೆ ಕ್ರಿಮಿ ಏನೂ ಬೆಳೆದಿಲ್ಲ ಎಂದು ವರದಿ ಬಂತು. ಮತ್ತೆ ಕಳಿಸಿದರೂ ಅದೇ ಮಾತು. ಅವನೂ ಆಸ್ಪತ್ರೆಯ ಸರ್ಜನ್ನರೂ ಸೇರಿ ನಕ್ಕಿದ್ದರು. ಆ ಲ್ಯಾಬಿನವರು ಚರಂಡಿ ನೀರು ಕೊಟ್ಟರೂ ಏನೂ ಬೆಳೆದಿಲ್ಲ ಅಂತಾರೆ ಎಂದು ಸರ್ಜನ್ನರು ಹೇಳಿದ್ದರು.

ಆಮೇಲೆ ಅವನ ಅನುಮಾನ ಅಕ್ಕನ ಮೇಲೆ ತಿರುಗಿತು. ನನ್ನ ಕೈಯಲ್ಲಿ ಆರದ ಗಾಯವೇ ಇಲ್ಲ, ಆರುತ್ತಿಲ್ಲವೆಂದರೆ ಇವಳು ಮಲಗಿದಾಗ ಕೆರೆಯುತ್ತಿರಬೇಕು. ಅದನ್ನು ಅವಳ ಮುಖಕ್ಕೇ ಹೇಳಿದ. ಅಕ್ಕ ತನ್ನ ಎರಡೂ ಕೈಗಳನ್ನು ಅವನ ಮುಂದೆ ಹಿಡಿದಳು.

“ಈ ಬೆರಳಲ್ಲಿ ನಾನು ಕುಬುಸದ ಗುಂಡಿ ಹಾಕ್ಕೊಂಡ್ರೆ ಅದೇ ದೊಡ್ಡ ಸರ್ಕಸ್ಸು. ಕೆರೆಯೋದು ಹೇಗೋ, ನೀನೇ ಹೇಳಿಕೊಡು.”

ಅವನಿಗೆ ನಗು ಬರಲಿಲ್ಲ. ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದವಳು, ಅತ್ತಿಗೆಯನ್ನು ಸುಮ್ಮನೆ ಯಾಕೆ ಹಂಗಿಸುತ್ತೀರಿ ಎಂದಳು. ಹಾಗೆಂದು ಅವಳಿಗೆ ಹುಣ್ಣು ಒಗ್ಗಿತ್ತೆಂದಲ್ಲ. ಹಾಸಿಗೆಬಟ್ಟೆಯನ್ನು ಕೋಲಿನ ತುದಿಯಿಂದ ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದಳು. ಕೋಣೆಗೆ ಫಿನಾಯಿಲ್ ಸುರಿದು ಸುರಿದು ಮನೆಯೇ ಆಸ್ಪತ್ರೆಯ ಪಾಯಖಾನೆಯ ಹಾಗೆ ನಾರುತ್ತಿತ್ತು. ಊಟಕ್ಕೆ ಕೂತಾಗ ಗಂಡನ ಕೈಗಳನ್ನು ನೋಡಿ ತಟ್ಟೆ ತೆಗೆದುಕೊಂಡು ಆಚೆ ಹೋಗುತ್ತಿದ್ದಳು. ಅವಳು ಅದನ್ನು ಮುಚ್ಚಿಡಲಿಲ್ಲ. ಮುಚ್ಚಿಟ್ಟವನು ಇವನು.

ಈಗ ಗೆರೆ ಹಾಗೇ ಇತ್ತು. ಅಕ್ಕ ಮುಟ್ಟಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ತಪ್ಪು ಅವಳದಲ್ಲವೆಂದು ಗೊತ್ತಾದಾಗ ಸಮಾಧಾನ ಆಗಬೇಕಿತ್ತು. ಆಗಲಿಲ್ಲ, ಸಿಟ್ಟು ಬಂತು. ಆ ಒದ್ದೆ ಹಳದಿಯನ್ನು, ಪೊಳ್ಳು ನೇರಳೆ ಅಂಚನ್ನು, ಅದರಾಚೆಗೆ ಮಾತಿಲ್ಲದೆ ಕೂತ ಮುಖವನ್ನು ನೋಡಿದ. ಮೂರೂ ಒಂದೇ ಎನ್ನಿಸಿತು. ಇವಳ ಮೈಯೇ ಹೀಗೆ, ಒಳಗಿಂದ ಕೊಳೆಯುವ ಮೈ ಎನ್ನಿಸಿತು. ಗಾಜ್ ಬಟ್ಟೆಯನ್ನು ಬೆರಳಿಗೆ ಸುತ್ತಿ, ಪೆರಾಕ್ಸೈಡ್ ಸುರಿದು, ತಿಕ್ಕತೊಡಗಿದ. ನೊರೆ ಉಕ್ಕಿತು. ಕೆಂಪು ಕಂಡಿತು, ರಕ್ತ ಜಿನುಗಿತು. ಅಲ್ಲಿಗೆ ನಿಲ್ಲಿಸಬೇಕಿತ್ತು, ಅವನದೇ ಪಾಠ ಅದು. ಅವನು ನಿಲ್ಲಿಸಲಿಲ್ಲ. ಅಂಚಿನ ಕೆಳಗೆ ಬೆರಳು ತೂರಿಸಿ ಒತ್ತಿ ಎಳೆದ. ಮಂಚದ ಪಟ್ಟಿಯನ್ನು ಹಿಡಿದ ಅಕ್ಕನ ವಾಲಿದ ಬೆರಳುಗಳು ಬೆಳ್ಳಗಾಗಿದ್ದವು. ಒಮ್ಮೆ ಅವನ ಮುಖವನ್ನು ನೋಡಿದಳು. ಅವನು ತಲೆ ಎತ್ತಲಿಲ್ಲ. ಬಟ್ಟೆ ಬದಲಾಯಿಸಿ ಮತ್ತೆ ತಿಕ್ಕಿದ.

ಅದಾದ ಮೇಲೆ ಹುಣ್ಣು ಕಾಲಿನ ಹಿಂಬದಿಗೂ ಹಬ್ಬಿತು.

ಸರ್ಜನ್ನರು ಈ ಸಲ ನಗಲಿಲ್ಲ. ಅಕ್ಕನನ್ನು ವಾರ್ಡಿಗೆ ಸೇರಿಸಿಕೊಂಡು, ಇವನ ಭುಜದ ಮೇಲೆ ಕೈಯಿಟ್ಟು ಕಾರಿಡಾರಿಗೆ ಕರೆದುಕೊಂಡು ಬಂದರು. “ನೋಡಪ್ಪ, ನಿನ್ನ ಕೈಗೇ ಬಗ್ಗಲಿಲ್ಲ ಅಂದ್ರೆ ಇದು ಸಾಮಾನ್ಯದ್ದಲ್ಲ. ನಾಳೆ ಥಿಯೇಟರಲ್ಲಿ ಅಗಲವಾಗಿ ಕೆತ್ತಿ ತೆಗೀತೀನಿ. ಆಮೇಲೂ ಮೇಲಕ್ಕೆ ಏರಿದ್ರೆ ಕಾಲು ಉಳಿಯಲ್ಲ, ಮನಸ್ಸು ಗಟ್ಟಿ ಮಾಡ್ಕೋ.” ಅವನು ತಲೆ ಆಡಿಸಿದ. ಕಾಲು ಹೋದರೆ ಹುಣ್ಣೂ ಹೋಗುತ್ತದೆ ಎಂದು ಒಳಗೆ ಯಾರೋ ಹೇಳಿದರು. ಹೇಳಿದವನು ತಾನೇ ಎಂದು ಗೊತ್ತಾದಾಗ ಬಾಯೆಲ್ಲ ಕಹಿಯಾಯಿತು. ಸಿಂಕಿನ ಹತ್ತಿರ ಹೋಗಿ ಮುಕ್ಕಳಿಸಿದ. ಸಿಂಕಿನ ಬಾಯಲ್ಲಿ ಯಾರದೋ ಕೂದಲು, ಹತ್ತಿಯ ಉಂಡೆ, ಉಗಿದ ಕಫ ಸಿಕ್ಕಿಕೊಂಡಿತ್ತು.

ಅಕ್ಕ ಕೀಲುವಾತದ ಮಾತ್ರೆ ನುಂಗುತ್ತಿದ್ದುದರಿಂದ, ಅರಿವಳಿಕೆ ಕೊಡುವ ಮೊದಲು ಕೀಲುರೋಗದ ಡಾಕ್ಟರಮ್ಮ ಒಮ್ಮೆ ನೋಡಲಿ ಎಂದು ಚೀಟಿ ಹೋಗಿತ್ತು. ಮರುದಿನ ಬೆಳಿಗ್ಗೆ ಡಾಕ್ಟರಮ್ಮ ಬಂದರು. ಕುಳ್ಳಗಿನ ಹೆಂಗಸು, ಕಾಲಿಗೆ ಕ್ಯಾನ್ವಾಸ್ ಬೂಟು. ಹುಣ್ಣಿನ ಕಟ್ಟು ಬಿಚ್ಚುವ ಮೊದಲೇ ಅವರು ಅಕ್ಕನ ಮೊಣಕೈ ಮಡಿಕೆಯನ್ನು ಹಿಡಿದು ನಿಂತುಬಿಟ್ಟರು. ಹಿಂದಿನ ದಿನ ರಕ್ತ ತೆಗೆಯಲು ಸೂಜಿ ಚುಚ್ಚಿದ ಜಾಗ ಅದು. ಅಲ್ಲಿ ಕೆಂಪು ಉಂಗುರದ ನಡುವೆ ಒಂದು ಕೀವುಗುಳ್ಳೆ ಎದ್ದು ಕೂತಿತ್ತು.

“ಇದು ಯಾವಾಗ ಬಂತು?”

ಅಕ್ಕ ರಾತ್ರಿಯಿಂದ ಎಂದಳು. ಸೂಜಿಯಲ್ಲಿ ಕೊಳೆ ಇದ್ದಿರಬೇಕು, ಈಗಿನ ನರ್ಸ್ ಹುಡುಗಿಯರಿಗೆ ಸ್ಪಿರಿಟ್ ಹಚ್ಚುವ ವ್ಯವಧಾನವಿಲ್ಲ ಎಂದು ಅವನು ಪಕ್ಕದಿಂದ ಹೇಳಿದ. ಡಾಕ್ಟರಮ್ಮ ಕಾಲಿನ ಕಟ್ಟು ಬಿಚ್ಚಿದರು. ನೇರಳೆ ಅಂಚನ್ನು ನೋಡಿದರು. ಬಗ್ಗಿ ಮೂಸಿದರು, ಡಾಕ್ಟರೊಬ್ಬರು ಹಾಗೆ ಮೂಸಿದ್ದನ್ನು ಅವನು ಮೊದಲ ಸಲ ಕಂಡದ್ದು. ಡ್ರೆಸ್ಸಿಂಗ್ ಯಾರು ಮಾಡುತ್ತಿರುವುದು ಎಂದು ಕೇಳಿದರು.

“ನಾನೇ ಮೇಡಂ. ದಿನಕ್ಕೆ ಎರಡು ಸಲ. ರಕ್ತ ಬರೋ ತನಕ ತಿಕ್ಕಿ ತೊಳೀತೀನಿ,” ಎಂದ ಅವನು, ಹೆಮ್ಮೆಯಿಂದಲೇ.

ಅವರು ಅವನ ಕೈಗಳನ್ನು ಒಂದು ಕ್ಷಣ ನೋಡಿದರು. ಆಮೇಲೆ ಥಿಯೇಟರಿಗೆ ಹೇಳಿಕಳಿಸಿ ಆಪರೇಷನ್ ನಿಲ್ಲಿಸಿದರು. ಸರ್ಜನ್ನರು ಬಂದು ದನಿ ಏರಿಸಿದರು, ಇವರು ಏರಿಸಲಿಲ್ಲ. ಕೆತ್ತಿದರೆ ಕೆತ್ತಿದಷ್ಟೂ ಹಬ್ಬುತ್ತದೆ, ಕಾಲು ಬೇಕಿದ್ದರೆ ಯಾರೂ ಮುಟ್ಟಬೇಡಿ ಎಂದಷ್ಟೇ ಹೇಳಿದರು. ಅಂಚಿನಿಂದ ಚೂರೇ ಚೂರು ಮಾಂಸವನ್ನು ಪರೀಕ್ಷೆಗೆ ತೆಗೆದು, ಅದಕ್ಕೂ ಹಿಂಜರಿದೇ ತೆಗೆದು, ಅವತ್ತೇ ಸ್ಟೀರಾಯ್ಡ್ ಶುರು ಮಾಡಿದರು. ಅವನಿಗೆ ಮೈ ಉರಿಯಿತು. ಕೀವಿರುವ ಗಾಯಕ್ಕೆ, ಮೈಯ ರೋಗನಿರೋಧವನ್ನೇ ಕುಗ್ಗಿಸುವ ಸ್ಟೀರಾಯ್ಡ್ ಎಂದರೆ ಉರಿಯುವ ಮನೆಗೆ ಸೀಮೆಎಣ್ಣೆ. ಈ ಹೆಂಗಸು ನಮ್ಮಕ್ಕನ ಕಾಲು ತೆಗೆದೇ ತೀರುತ್ತಾಳೆ ಎಂದು ಡ್ರೆಸ್ಸಿಂಗ್ ರೂಮಿನಲ್ಲೆಲ್ಲ ಹೇಳಿಕೊಂಡು ಓಡಾಡಿದ.

ಮಾಂಸದ ಚೂರು ಗಾಜಿನ ಪಟ್ಟಿಯ ಮೇಲೆ ಬಂದ ದಿನ ಡಾಕ್ಟರಮ್ಮ ಅವನನ್ನೇ ಕರೆಸಿದರು. ಲ್ಯಾಬಿನ ಮೂಲೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರಿಸಿ, ನೋಡಿ ಎಂದರು. ಅವನು ಜನ್ಮದಲ್ಲಿ ಆ ಕೊಳವೆಗೆ ಕಣ್ಣಿಟ್ಟವನಲ್ಲ. ಮೊದಲು ರೆಪ್ಪೆಯ ಕೂದಲೇ ಕಂಡಿತು. ಆಮೇಲೆ ಗುಲಾಬಿ ಬಣ್ಣದ ಮೇಲೆ ನೇರಳೆ ಚುಕ್ಕಿಗಳ ಸಂತೆ. ಒಂದರ ಮೇಲೊಂದು, ಕಾಲಿಡಲು ಜಾಗವಿಲ್ಲದ ಹಾಗೆ. ಒಂದೊಂದು ಚುಕ್ಕಿಯೂ ಮೂರು ನಾಲ್ಕು ಹೋಳಾಗಿ, ಹಿಚುಕಿ ತುಂಡಾದ ಹುಳುವಿನಂತಿತ್ತು.

“ಇವು ಕ್ರಿಮಿಗಳಾ?”

“ಕ್ರಿಮಿ ಒಂದೂ ಇಲ್ಲ ಇದರಲ್ಲಿ. ಎಲ್ಲ ನಿಮ್ಮಕ್ಕನದೇ. ನ್ಯೂಟ್ರೋಫಿಲ್ ಅಂತ, ಬಿಳಿ ರಕ್ತಕಣಗಳಲ್ಲಿ ಒಂದು ಬಗೆ. ಗಾಯ ಆದ್ರೆ ಮೊದಲು ಓಡಿ ಬರೋವು ಇವೇ. ಕ್ರಿಮಿ ಇದ್ರೆ ಅದನ್ನ ಕರಗಿಸ್ತವೆ. ಇವರ ಮೈಯಲ್ಲಿ ಕ್ರಿಮಿ ಇಲ್ಲದಿದ್ರೂ ಬರ್ತವೆ, ಬಂದು ಮಾಂಸವನ್ನೇ ಕರಗಿಸ್ತವೆ.”

ಅವರು ಮೇಷ್ಟ್ರ ದನಿಯಲ್ಲಿ ಹೇಳಲಿಲ್ಲ. ಪಕ್ಕದ ಸೀಟಿನವರಿಗೆ ಹೇಳುವ ಹಾಗೆ, ಚೂರುಚೂರಾಗಿ ಹೇಳಿದರು. ಈ ಕಣಗಳ ಆಯಸ್ಸು ತುಂಬ ಕಡಿಮೆಯಂತೆ. ಹಟಕ್ಕೆ ಬಿದ್ದರೆ ತಮ್ಮ ಹೊಟ್ಟೆಯೊಳಗಿನ ನೂಲನ್ನೇ ಹೊರಗೆ ಕಾರಿ ಬಲೆ ಹಾಕುತ್ತವಂತೆ, ಕಾರಿ ಸಾಯುತ್ತವಂತೆ. ಸತ್ತವುಗಳ ರಾಶಿಗೇ ನಾವು ಕೀವು ಎನ್ನುವುದು. ಅಕ್ಕನ ಬೆರಳಿನ ಕೀಲುಗಳಿಗೂ ಇವೇ ನುಗ್ಗಿದ್ದು. ಅಲ್ಲಿಯೂ ಇದೇ ಬಲೆ. ಆ ಬಲೆಯಲ್ಲಿ ಹೊರಬಿದ್ದ ತನ್ನದೇ ಸರಕನ್ನು ಕಂಡು ಮೈ ಅದನ್ನು ಹೊರಗಿನದೆಂದು ತಿಳಿಯುತ್ತದೆ, ಅದರ ಮೇಲೆ ಜಗಳಕ್ಕೆ ಇನ್ನಷ್ಟನ್ನು ಕಳಿಸುತ್ತದೆ, ಅವೂ ಬಲೆ ಹಾಕುತ್ತವೆ. ಯಾಕೆ ಹೀಗೆ ಶುರುವಾಗುತ್ತದೆ ಎಂಬುದು ಪೂರ್ತಿಯಾಗಿ ಯಾರಿಗೂ ಗೊತ್ತಿಲ್ಲ ಎಂದೂ ಹೇಳಿದರು.

ಅವನು ಕೊಳವೆಯಿಂದ ಕಣ್ಣು ತೆಗೆಯದೆ ಕೇಳಿದ, “ಹಾಗಾದ್ರೆ ತಿಕ್ಕಿದ್ದು?”

“ಸೂಜಿ ಚುಚ್ಚಿದ ಜಾಗದಲ್ಲಿ ಏನಾಯ್ತು ನೋಡಿದ್ರಲ್ಲ. ಇವರ ಮೈಗೆ ಪ್ರತಿ ಪೆಟ್ಟೂ ಇವಕ್ಕೆ ಕರೆ ಕೊಟ್ಟ ಹಾಗೆ. ತಿಕ್ಕಿದಾಗೆಲ್ಲ ಇನ್ನಷ್ಟು ಬಂದವು.” ಆಮೇಲೆ, “ನಿಮ್ಮ ಕೆಲಸದೋರು ಯಾರಿದ್ರೂ ಇದನ್ನೇ ಮಾಡ್ತಿದ್ರು. ಮನಸ್ಸಿಗೆ ಹಚ್ಕೋಬೇಡಿ,” ಎಂದರು.

ಅವನು ಎದ್ದು ಹೊರಗೆ ಬಂದ. ಡ್ರೆಸ್ಸಿಂಗ್ ರೂಮಿನಲ್ಲಿ ಜೊತೆಗಾರ ರೋಗಿಯೊಬ್ಬನ ಹಿಮ್ಮಡಿ ತೊಳೆಯುತ್ತಿದ್ದ. ತೊಟ್ಟಿಯಲ್ಲಿ ಹಳದಿ ನೀರು ಹರಿಯುತ್ತಿತ್ತು. ಅದರಲ್ಲಿ ಹರಿಯುವುದು ಕೊಳೆಯಲ್ಲ, ಹೋಳುಹೋಳಾದ ಚುಕ್ಕಿಗಳ ಹೆಣ ಎನ್ನಿಸಿತು. ತನ್ನ ಮೈಯಲ್ಲೂ ಅವೇ ಇವೆ, ಈಗಲೇ ಹರಿದಾಡುತ್ತಿವೆ ಎನ್ನಿಸಿತು. ಇಷ್ಟು ವರ್ಷದಲ್ಲಿ ಮೊದಲ ಸಲ ಅವನು ಆ ಕೋಣೆಯಲ್ಲಿ ವಾಂತಿ ಮಾಡಿದ. ಜೊತೆಗಾರ ಗಾಬರಿಯಾಗಿ, ಗುರುಗಳೇ, ನಿಮಗೂನಾ ಎಂದ. ಬೆಳಗಿನದೇನೋ ಹಳಸಿತ್ತು ಎಂದು ಇವನು ಹೇಳಿದ. ಕೈ ತೊಳೆದ. ಮತ್ತೆ ತೊಳೆದ. ಸೋಪು ಹಾಕಿ ಉಗುರಿನ ಸಂದಿಯನ್ನೆಲ್ಲ ತಿಕ್ಕುತ್ತಿರುವುದು ಗೊತ್ತಾಗಿ ಕೈ ಹಿಂದಕ್ಕೆಳೆದುಕೊಂಡ.

ಯಾರು ಮಾಡಿದರೂ ಇದನ್ನೇ ಮಾಡುತ್ತಿದ್ದರು ಎಂಬ ಡಾಕ್ಟರಮ್ಮನ ಮಾತು ಮುಕ್ಕಾಲು ನಿಜ. ಉಳಿದ ಕಾಲು ಭಾಗ ಅವರಿಗೆ ಗೊತ್ತಿರಲಿಲ್ಲ. ಗೆರೆ ಹಾಗೇ ಇದ್ದ ಆ ಬೆಳಿಗ್ಗೆ ಅವರು ಅಲ್ಲಿರಲಿಲ್ಲ.

ವಾರ್ಡಿಗೆ ಹೋದಾಗ ಅಕ್ಕ, ಡಾಕ್ಟರಮ್ಮ ಏನಂದರು ಎಂದು ಕೇಳಿದಳು. ಅವನು ಹೇಳಿದ. ಬೆರಳು ಸೊಟ್ಟಗೆ ಮಾಡಿದ್ದೇ ಕಾಲಿಗೂ ಬಂದಿದೆ, ಮೈಯೊಳಗಿನ ಕಣಗಳ ಕಿತಾಪತಿ, ಮಾತ್ರೆಗೆ ಬಗ್ಗುತ್ತದೆ, ಇನ್ನು ಮೇಲೆ ಯಾರೂ ಮುಟ್ಟುವಂತಿಲ್ಲ ಎಂದೆಲ್ಲ ಹೇಳಿದ. ತಿಕ್ಕಿದ್ದರಿಂದ ಹಬ್ಬಿತು ಎಂಬುದನ್ನೂ ಹೇಳಿದ. ಅದನ್ನು ಹೇಳುವುದು ಅಷ್ಟೇನೂ ಕಷ್ಟವಾಗಲಿಲ್ಲ. ಅದು ಗೊತ್ತಿಲ್ಲದೆ ಆದದ್ದು. ಅಕ್ಕ ತಲೆದಿಂಬಿನ ಮೇಲೆ ತಲೆ ಹೊರಳಿಸಿ, “ನನ್ನ ಮೈಗೆ ನಾನೇ ಆಗಿಬರಲ್ಲ ಅನ್ನು. ಸರಿಯಾಗಿದೆ,” ಎಂದು ಸಣ್ಣಗೆ ನಕ್ಕಳು.

ಕಾಲು ಉಳಿಯಿತು. ಒಂದೇ ಸಲಕ್ಕಲ್ಲ. ಮೊದಲು ಅಂಚಿನ ನೇರಳೆ ಬಣ್ಣ ಮಾಸಿತು, ಆಮೇಲೆ ಕೀವು ಇಂಗಿತು. ಅಕ್ಕನ ಮುಖ ಮಾತ್ರೆಗೆ ಊದಿ ಬೇರೆ ಯಾರದೋ ಮುಖದಂತಾಯಿತು. ಅವಳನ್ನು ಮನೆಗೆ ಕಳಿಸಿದ ಮೇಲೂ ಡ್ರೆಸ್ಸಿಂಗ್ ಅವನದೇ. ಡಾಕ್ಟರಮ್ಮ ಹೇಳಿಕೊಟ್ಟಂತೆ ಉಪ್ಪುನೀರನ್ನು ಮೇಲಿಂದ ಹರಿಸಿ, ಅಂಟದ ಬಟ್ಟೆ ಹೊದಿಸಿ, ಸಡಿಲವಾಗಿ ಸುತ್ತುವುದು, ಅಷ್ಟೇ. ಕೈ ಸುಮ್ಮನಿರಲು ಒಪ್ಪುತ್ತಿರಲಿಲ್ಲ. ಒಣಗಿದ ಹಕ್ಕಳೆ ಕಂಡರೆ ಬೆರಳು ತಾನಾಗಿ ಅದರ ಅಂಚಿಗೆ ಹೋಗುತ್ತಿತ್ತು. ಹೇಸಿಗೆಯೂ ಹೋಗಿರಲಿಲ್ಲ. ಹುಣ್ಣು ಚಿಕ್ಕದಾದಂತೆ ಅದು ಮಾತ್ರ ಜಾಗ ಬದಲಾಯಿಸಿತ್ತು. ಈಗ ಅವನು ಊಟಕ್ಕೆ ಕೂತಾಗ ತನ್ನ ಕೈಯನ್ನು ತಾನೇ ನೋಡುತ್ತಿರಲಿಲ್ಲ. ಹೆಂಡತಿ ಮತ್ತೆ ಅವನೆದುರು ಕೂತು ಉಣ್ಣತೊಡಗಿದ್ದಳು. ಅವನೇ ಚಮಚ ಕೇಳಿ ತೆಗೆದುಕೊಳ್ಳುತ್ತಿದ್ದ.

ಪಕ್ಕದ ಮನೆಯಾಕೆ ನೋಡಲು ಬಂದಾಗಲೆಲ್ಲ ಅಕ್ಕ ತಮ್ಮನನ್ನು ಹೊಗಳುತ್ತಿದ್ದಳು. ಕಟ್ಟಿಕೊಂಡ ಗಂಡನೂ ಇಷ್ಟು ಮಾಡುತ್ತಿರಲಿಲ್ಲ, ಬೆಳಿಗ್ಗೆ ಸಂಜೆ ನನ್ನ ಕಾಲ ಬುಡದಲ್ಲೇ ಕೂತಿರುತ್ತಿದ್ದ ಎನ್ನುತ್ತಿದ್ದಳು. ಮಾತು ಕಡಿಮೆಯವಳ ಬಾಯಲ್ಲಿ ಅಷ್ಟು ಮಾತು ಕೇಳಿ ಅವನು ಏನೋ ನೆಪ ಹೇಳಿ ಎದ್ದು ಹೋಗುತ್ತಿದ್ದ.

ಹುಣ್ಣು ಪೂರ್ತಿ ಮುಚ್ಚಿ, ಆ ಜಾಗದಲ್ಲಿ ತೆಳ್ಳನೆಯ ಸುಕ್ಕು ಚರ್ಮ ಬಂದ ಮೇಲೆ ಒಂದು ಸಂಜೆ ಅವನು ಅದಕ್ಕೆ ಮುಲಾಮು ಸವರುತ್ತಿದ್ದ. ಒಳಗೆ ಹೆಂಡತಿ ಪಾತ್ರೆ ತೊಳೆಯುವ ಸದ್ದು. ಅಕ್ಕ ಎದುರು ಮನೆಯ ಪೈಪುಗಳನ್ನು ನೋಡುತ್ತ ಕೂತಿದ್ದಳು. ನೋಡುತ್ತಲೇ, ದನಿಯಲ್ಲಿ ಏನೂ ಇಲ್ಲದೆ ಕೇಳಿದಳು:

“ಆವತ್ತೊಂದಿನ ತುಂಬಾ ಒತ್ತಿದೆಯಲ್ಲೋ. ರಕ್ತ ಬಂದ್ಮೇಲೂ ಬಿಡ್ಲಿಲ್ಲ. ಯಾಕೆ?”

ಅವನ ಬೆರಳು ನಿಂತಿತು. ಅವಳು ಅವನ ಕಡೆಗೆ ತಿರುಗಲಿಲ್ಲ. ಕಾಯುವ ಆತುರವೂ ಅವಳಿಗೆ ಇದ್ದಂತಿರಲಿಲ್ಲ. ಅವನಿಗೆ ಬೇಕಾದಷ್ಟು ಹೊತ್ತು ಸಿಕ್ಕಿತು. ಒಳಗೆ ನಲ್ಲಿ ನಿಂತಿತು, ಮತ್ತೆ ಶುರುವಾಯಿತು.

“ಕೊಳೆ ಜಾಸ್ತಿ ಇತ್ತಕ್ಕ,” ಎಂದ.

“ಹೌದಾ,” ಎಂದಳು ಅಕ್ಕ. ಕಾಲನ್ನು ಮೆಲ್ಲಗೆ ಎಳೆದುಕೊಂಡು ಸೀರೆಯ ಅಂಚನ್ನು ಅದರ ಮೇಲೆ ಇಳಿಬಿಟ್ಟಳು.

ಆಮೇಲೆ ಅವಳು ಆ ಮಾತನ್ನು ಎತ್ತಲಿಲ್ಲ. ಆವತ್ತು ತಾನು ತಿಕ್ಕಿದ್ದು ಹುಣ್ಣಿಗಾಗಿ ಅಲ್ಲ, ಅವಳನ್ನು ಕಂಡರೆ ಹೇಸಿಗೆಯಾಗಿತ್ತು, ನೋಯಲಿ ಎಂದೇ ಒತ್ತಿದ್ದು ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.